ಒಂದು ಜೊತೆ ಗ್ಲೌಸ್ ಸಾಲದು

ಕುದೂರಿನಿಂದ ಬೆಂಗಳೂರಿಗೆ ಹೋಗಿ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಆಗ ಕೀಮೋ ಔಷಧಿಯನ್ನು ಕಿಟಕಿ ಪಕ್ಕದ ಟೇಬಲ್ ಮೇಲೆ, ಒಂದೇ ಜೊತೆ ಗ್ಲೌಸ್ ಹಾಕಿಕೊಂಡು ಬೆರೆಸುತ್ತಿದ್ದೆವು. ಇಂಥ ಔಷಧಿ ಮುಟ್ಟುವವರಿಗೆ ಚರ್ಮದ ದದ್ದು, ಬಂಜೆತನ, ಗರ್ಭಪಾತದ ಅಪಾಯವಿದೆಯೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯಾಶ್ (NIOSH) 2004ರಲ್ಲೇ ಎಚ್ಚರಿಸಿತ್ತು.

2025ರ ಕೇಂದ್ರ ಬಜೆಟ್ ಜಿಲ್ಲಾಸ್ಪತ್ರೆಗಳಿಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ಘೋಷಿಸಿತು. ನಮ್ಮೂರಿನವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆವರೆಗೆ ಅಲೆಯುವುದು ತಪ್ಪಿದರೆ ಸಂತೋಷವೇ. ಆದರೆ ಕುರ್ಚಿ, ಡ್ರಿಪ್ ಸ್ಟ್ಯಾಂಡ್ ಜೊತೆಗೆ ಔಷಧಿ ಬೆರೆಸಲು ಸುರಕ್ಷತಾ ಕ್ಯಾಬಿನೆಟ್, ಎರಡು ಪದರ ಗ್ಲೌಸ್, ಗೌನ್, ಚೆಲ್ಲಿದ್ದನ್ನು ಒರೆಸುವ ಕಿಟ್ ಕೂಡ ಬರಬೇಕು. ಕೀಮೋ ಆದ ಮೇಲೆ ಸುಮಾರು ಎರಡು ದಿನ ರೋಗಿಯ ಮೂತ್ರದಲ್ಲೂ ಔಷಧಿಯ ಅಂಶವಿರಬಹುದು. ಬೆಡ್‌ಪ್ಯಾನ್ ತೊಳೆಯುವ ಗುತ್ತಿಗೆ ಆಯಾಗೂ ತರಬೇತಿ ಕೊಡಿ. ಗರ್ಭಿಣಿ ನರ್ಸ್ ಬಾಯಿಬಿಟ್ಟು ಕೇಳುವ ಮೊದಲೇ ಬೇರೆ ಕೆಲಸಕ್ಕೆ ಹಾಕಿ. ಇವೆಲ್ಲ ಇಲ್ಲದ ಕಡೆ ರಿಬ್ಬನ್ ಕತ್ತರಿಸಬೇಡಿ.