ಹುಟ್ಟಿದ ಊರೋ, ನೆಲಸಿದ ಊರೋ?

ಕ್ರಿಕೆಟ್ಟಿನ ಸುದ್ದಿಯೊಂದಿಗೇ ಬೆಳಗಿನ ಕಾಫಿ ಕುಡಿಯುವ ನಮಗೆ ರಗ್ಬಿಯ ಪರಿಚಯ ಅಷ್ಟಕ್ಕಷ್ಟೆ. ತಂಡಕ್ಕೆ 15 ಮಂದಿ, ಮೊಟ್ಟೆಯಾಕಾರದ ಚೆಂಡು, ಕೈಯಿಂದ ಎಸೆದರೆ ಮುಂದಕ್ಕೆ ಎಸೆಯಕೂಡದು, ಉಳಿದದ್ದೆಲ್ಲ ಕೆಸರು—ಇಷ್ಟು ಬಲ್ಲೆವು. ಆದರೂ ಏಷ್ಯದ ರಾಷ್ಟ್ರಗಳು ಆಡುವ ರಗ್ಬಿ ಪಂದ್ಯಾವಳಿಯಲ್ಲಿ, ಪರಊರಲ್ಲಿ ಬೇರೂರಿದ ನಮ್ಮಂಥವರು ಕಿವಿಗೊಡಬೇಕಾದ ಸಂಗತಿಯೊಂದುಂಟು.

ಪಂದ್ಯಾವಳಿ ಮೊದಲು ನಡೆದದ್ದು 1969ರಲ್ಲಿ, ಟೋಕಿಯೋದಲ್ಲಿ. ಗೆದ್ದದ್ದು ಜಪಾನ್. ಮುಂದೆಯೂ ಹೆಚ್ಚಾಗಿ ಅದರದೇ ಗೆಲುವು. ನಡುನಡುವೆ ದಕ್ಷಿಣ ಕೊರಿಯಾ ಕಸಿದುಕೊಂಡದ್ದುಂಟು. 2008ರಲ್ಲಿ ಐದು ತಂಡಗಳ ಹೊಸ ಏರ್ಪಾಡಾಯಿತು: ಜಪಾನ್, ಕೊರಿಯಾ, ಹಾಂಗ್ ಕಾಂಗ್, ಕಜಾಕಸ್ತಾನ, ಮತ್ತು ‘ಅರೇಬಿಯನ್ ಗಲ್ಫ್’. ಈ ಕೊನೆಯ ಹೆಸರಿನ ದೇಶವನ್ನು ಭೂಪಟದಲ್ಲಿ ಹುಡುಕಿದರೆ ಸಿಗದು. ಬಹರೇನ್, ಕುವೈತ್, ಎಮಿರೇಟ್ಸ್ ಮೊದಲಾದ ಕೊಲ್ಲಿ ದೇಶಗಳೆಲ್ಲ ಕೂಡಿ ಕಟ್ಟಿದ ತಂಡವದು. ಆಟಗಾರರಲ್ಲಿ ಬಹುಮಂದಿ ಹೊಟ್ಟೆಪಾಡಿಗೆಂದು ಅಲ್ಲಿಗೆ ಬಂದು ನೆಲಸಿದವರು. 2010ರ ಕೊನೆಗೆ ಆ ತಂಡ ಮುಗಿಯಿತು. ಎಮಿರೇಟ್ಸ್ ತನ್ನದೇ ತಂಡ ಕಟ್ಟಿತು.

ಬಂದು ನೆಲಸಿದವರು ದೇಶದ ಪರವಾಗಿ ಆಡಬಹುದೆ? ರಗ್ಬಿಯ ಅಂತರರಾಷ್ಟ್ರೀಯ ಕಾಯಿದೆಯ ಪ್ರಕಾರ ಆಡಬಹುದು. ಆಟಗಾರ ಅಲ್ಲಿ ಹುಟ್ಟಿರಬೇಕು. ಇಲ್ಲವೆ ತಂದೆತಾಯಿ, ಅಜ್ಜ ಅಜ್ಜಿಯರಲ್ಲೊಬ್ಬರು ಹುಟ್ಟಿರಬೇಕು. ಅದೂ ಇಲ್ಲವಾದರೆ ಸತತವಾಗಿ ಅಲ್ಲಿ ವಾಸವಾಗಿದ್ದರಾಯಿತು. ಮೊದಲು ಇದಕ್ಕೆ 3 ವರ್ಷ ಸಾಕಿತ್ತು. 2022ರಿಂದ 5 ಬೇಕು. ಡೊಮಿಸೈಲ್ ಪತ್ರಕ್ಕಾಗಿ 15 ವರ್ಷದ ವಾಸ ತೋರಿಸಲು ಹಳೆಯ ಬಾಡಿಗೆ ರಸೀದಿಗಳನ್ನು ಕೆದಕುವ ಮುಂಬಯಿ, ಪುಣೆಯ ನಮ್ಮ ಬಂಧುಗಳಿಗೆ ರಗ್ಬಿಯವರು ಮಹಾ ಉದಾರಿಗಳೆಂದೇ ತೋರೀತು!

ಹೊರಗಿನವರನ್ನು ಕರೆತಂದು ದೇಶದ ಅಂಗಿ ತೊಡಿಸಿದರೆ ಊರಿನ ಹುಡುಗ ಎಲ್ಲಿಗೆ ಹೋಗಬೇಕು ಎಂಬ ಆಕ್ಷೇಪವೂ ಇದೆ. ಅದರಲ್ಲಿ ಹುರುಳಿಲ್ಲವೆನ್ನಲಾರೆವು. ಆದರೆ ಮೈಕೇಲ್ ಲೀಚ್ ಅವರನ್ನು ಏನೆನ್ನೋಣ? ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ತಾಯಿಯ ಕಡೆಯಿಂದ ಫಿಜಿ. 15ರ ಪ್ರಾಯದಲ್ಲಿ ಓದಲೆಂದು ಜಪಾನಿನ ಸಪ್ಪೋರೋಗೆ ಬಂದು ಅಲ್ಲಿಯವರೇ ಆಗಿಹೋದರು. 2013ರಲ್ಲಿ ಜಪಾನಿನ ಪ್ರಜೆಯೂ ಆದರು.

2015ರ ವಿಶ್ವಕಪ್ಪಿನಲ್ಲಿ, ಇಂಗ್ಲೆಂಡಿನ ಬ್ರೈಟನ್ನಿನಲ್ಲಿ, ಅವರೇ ಜಪಾನಿನ ನಾಯಕರು. ಎದುರಾಳಿ ದಕ್ಷಿಣ ಆಫ್ರಿಕ, ಎರಡು ಸಲ ವಿಶ್ವಕಪ್ ಗೆದ್ದ ತಂಡ. ಆಟ ಮುಗಿಯುವ ಹೊತ್ತು. ಜಪಾನ್ 29, ಎದುರಾಳಿ 32. ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಕಂಬದ ನಡುವೆ ಒದ್ದರೆ 3 ಅಂಕ, ಆಟ ಸರಿಸಮ, ಮಾನ ಉಳಿದಂತೆ. ಲೀಚ್ ಒಪ್ಪಲಿಲ್ಲ, ಗೆಲುವಿಗೇ ಆಡುವೆವೆಂದರು. ಎಡಮೂಲೆಯಲ್ಲಿ ಗೆರೆ ದಾಟಿದವರು ಕಾರ್ನ್ ಹೆಸ್ಕೆತ್, ಅವರೂ ನ್ಯೂಜಿಲೆಂಡಿನಲ್ಲಿ ಹುಟ್ಟಿದವರೇ. 34–32. ಗೆದ್ದದ್ದು ಜಪಾನ್.

ಆ ಜಪಾನಿಗೆ ಏಷ್ಯದ ಅಂಗಳ ಸಾಲದಾಯಿತು; 2017ರ ನಂತರ ಈ ಪಂದ್ಯಾವಳಿಗೆ ಬರಲಿಲ್ಲ. ಅಣ್ಣ ಬಿಟ್ಟುಹೋದ ಜಾಗ ತಮ್ಮನಿಗೆ ದಕ್ಕಿತು. ಊರವರೂ ವಲಸೆ ಬಂದವರೂ ಕಲೆತ ಹಾಂಗ್ ಕಾಂಗ್ ತಂಡ 2025ರ ಜುಲೈಯಲ್ಲಿ ಇಂಚಾನ್‌ನಲ್ಲಿ ಕೊರಿಯಾವನ್ನು 70–22ರಿಂದ ಸೋಲಿಸಿ, ಆಸ್ಟ್ರೇಲಿಯದಲ್ಲಿ ನಡೆಯಬೇಕಾದ 2027ರ ವಿಶ್ವಕಪ್ಪಿಗೆ ಮೊದಲ ಬಾರಿಗೆ ಅರ್ಹತೆ ಪಡೆಯಿತು. ಆ ಪಂದ್ಯಗಳನ್ನು ಮಕ್ಕಳೊಂದಿಗೆ ಕೂತು ನೋಡುವ ಆಸೆ ನಮಗುಂಟು. ಆಟದ ಕಾಯಿದೆ ಬಲ್ಲವರು ಸಂಘದಲ್ಲಿದ್ದರೆ, ಅಷ್ಟರೊಳಗೆ ಒಂದು ಸಂಜೆ ಬಂದು ತಿಳಿಹೇಳಬೇಕಾಗಿ ವಿನಂತಿ, ಕಾಫಿ ನಮ್ಮದು.