ಬರೆದಿಟ್ಟ ಮಾತು ಐಸಿಯು ತಲುಪಲಿ

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಕ್ಕೂ ಹೆಚ್ಚು ಕಾಲ ಘನತೆಯಿಂದ ಸಾಯುವ ಹಕ್ಕಿಗಾಗಿ ಸರ್ಕಾರಗಳ ಬಾಗಿಲು ಬಡಿದವರು. 2025ರ ಜನವರಿ 30ರಂದು ಈ ಹಕ್ಕಿನ ಕುರಿತ ಸುಪ್ರೀಂ ಕೋರ್ಟ್ ನಿರ್ದೇಶನಗಳ ಜಾರಿಗೆ ರಾಜ್ಯ ಆರೋಗ್ಯ ಇಲಾಖೆ ಆದೇಶ ಹೊರಡಿಸಿದಾಗ ನಾಡು ಅವರನ್ನು ನೆನೆದದ್ದು ನ್ಯಾಯವೇ. ಆದರೆ ನೋವು ತಾಳಲಾರದವರು ಅರ್ಜಿ ಕೊಟ್ಟರೆ ವೈದ್ಯರು ಸಾವಿನ ಚುಚ್ಚುಮದ್ದು ಕೊಡುತ್ತಾರೆ ಎಂದು ತಿಳಿದವರು ಇನ್ನೂ ಇದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಅದಕ್ಕೆ 2002ರಿಂದ ಅವಕಾಶವಿದೆ. ಅಮೆರಿಕದ ಆರೆಗಾನ್‌ನಲ್ಲಿ, ಆರು ತಿಂಗಳಿಗಿಂತ ಹೆಚ್ಚು ಬದುಕಲಾರರೆಂದು ವೈದ್ಯರು ಹೇಳಿದ ವಯಸ್ಕರು ಔಷಧಿ ಪಡೆದು ತಾವೇ ಸೇವಿಸಬಹುದು. ನಮ್ಮಲ್ಲಿ ಇವೆರಡಕ್ಕೂ ಅನುಮತಿಯಿಲ್ಲ. ಗುಣವಾಗುವ ಭರವಸೆಯೇ ಇಲ್ಲದೆ ಯಂತ್ರದ ಆಸರೆಯಲ್ಲಿ ಉಳಿದ ರೋಗಿಯಿಂದ ಆ ಚಿಕಿತ್ಸೆಯನ್ನು ಹಿಂತೆಗೆಯಲು, ಇಲ್ಲವೇ ಆರಂಭಿಸದಿರಲು ಮಾತ್ರ ಅವಕಾಶ.

ಅದೂ ಒಬ್ಬರ ಮಾತಿಗೆ ಆಗುವಂಥದ್ದಲ್ಲ. ಚಿಕಿತ್ಸೆ ನೀಡುವ ವೈದ್ಯರೂ ಇಬ್ಬರು ತಜ್ಞರೂ ಇರುವ ಮೊದಲ ಮಂಡಳಿ ಒಪ್ಪಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿ ಅದನ್ನು ಪರಿಶೀಲಿಸಬೇಕು. ಮನೆಯವರ ಸಮ್ಮತಿ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ರೋಗಿ ಪ್ರಜ್ಞೆ ತಪ್ಪಿದ ಮೇಲೆ ಅವರ ಇಚ್ಛೆಯನ್ನು ಹೇಳುವುದು ಮುಂಗಡ ವೈದ್ಯಕೀಯ ನಿರ್ದೇಶನ. ಸುಪ್ರೀಂ ಕೋರ್ಟಿನ 2018ರ ತೀರ್ಪು ಅದಕ್ಕೆ ಮ್ಯಾಜಿಸ್ಟ್ರೇಟರ ಮೇಲುರುಜು ಕೇಳಿತ್ತು. 2023ರಲ್ಲಿ ಕೋರ್ಟೇ ಅದನ್ನು ಸಡಿಲಿಸಿತು: ಹದಿನೆಂಟು ತುಂಬಿದ, ಸ್ವಸ್ಥಚಿತ್ತದ ಯಾರೇ ಆಗಲಿ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು.

ಆಸ್ತಿಯ ಆಸೆಗೋ ಬಿಲ್ಲಿನ ಭಯಕ್ಕೋ ಮನೆಯವರೇ ಮುದುಕರನ್ನು ಸಾವಿಗೆ ನೂಕಿಬಿಟ್ಟರೆ? ಈ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಇಂದು ನಡೆಯುತ್ತಿರುವುದನ್ನೂ ನೋಡೋಣ. ದುಡ್ಡು ಮುಗಿದಾಗ ಬಡವರು ವೈದ್ಯರ ಸಲಹೆಗೆ ವಿರುದ್ಧವಾಗಿ ಎಂದು ಸಹಿ ಹಾಕಿ ರೋಗಿಯನ್ನು ಮನೆಗೆ ಒಯ್ಯುತ್ತಾರೆ. ಅಲ್ಲಿ ಮಂಡಳಿಯಿಲ್ಲ, ದಾಖಲೆಯಿಲ್ಲ. ಉಸಿರುಗಟ್ಟುವವರಿಗೆ ನೋವು ತಗ್ಗಿಸುವ ಮದ್ದೂ ಇಲ್ಲ. ದುರುಪಯೋಗಕ್ಕೆ ಇದಕ್ಕಿಂತ ಸಲೀಸಾದ ದಾರಿ ಬೇರೆ ಬೇಕೆ? ಎರಡು ಮಂಡಳಿಗಳ ಕಾವಲು ಬಡವರಿಗೇ ಹೆಚ್ಚು ಬೇಕು. ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ಉಪಶಾಮಕ ಆರೈಕೆ ಕೊನೆಯ ಗಳಿಗೆಯವರೆಗೂ ಸಿಗಬೇಕು. ಅದಿಲ್ಲದ ಕಡೆ ಈ ಹಕ್ಕು ಅರ್ಧದ್ದೇ.

ಹಾಗಾಗಿ ನನ್ನ ಒತ್ತಾಯ ಹೊಸ ಕಾಯ್ದೆಗಲ್ಲ, ಇರುವುದನ್ನು ಜನರ ಕೈಗೆಟುಕಿಸುವುದಕ್ಕೆ. ಮುಂಗಡ ವೈದ್ಯಕೀಯ ನಿರ್ದೇಶನದ ಪ್ರತಿಯನ್ನು ಕಾಪಿಡಲು ಸ್ಥಳೀಯ ಸಂಸ್ಥೆ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕೆಂದು ಕೋರ್ಟ್ ಹೇಳಿದೆ. ದಾವಣಗೆರೆ ಪಾಲಿಕೆ, ಹರಿಹರ ನಗರಸಭೆ ಮತ್ತು ಸಾರಥಿಯಂಥ ಊರುಗಳ ಪಂಚಾಯಿತಿಗಳು ಆ ಅಧಿಕಾರಿ ಯಾರೆಂದು ಫಲಕದಲ್ಲಿ ಬರೆದು ಹಾಕಲಿ. ಕನ್ನಡದ ನಮೂನೆ ಅಲ್ಲೇ ಸಿಗಲಿ. ಜಿಲ್ಲಾ ಆಸ್ಪತ್ರೆಯೂ ಇಲ್ಲಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ರೋಗಿಯನ್ನು ದಾಖಲಿಸಿಕೊಳ್ಳುವಾಗಲೇ, ಅಂಥದ್ದೇನಾದರೂ ಬರೆದಿಟ್ಟಿದ್ದೀರಾ ಎಂದು ಕೇಳುವಂತಾಗಲಿ.