ಜೋಳಿಗೆಗೆ ಬಿದ್ದ ಬೀಡಿಯ ಕಟ್ಟು

ಹನ್ನೆರಡನೆಯ ಶತಮಾನದ ಶರಣರು ತಂಬಾಕನ್ನು ಕಂಡವರಲ್ಲ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗನ್ನೇರಿ ಭಾರತಕ್ಕೆ ಬಂದುದು ಕಲ್ಯಾಣಕ್ರಾಂತಿಯಾಗಿ ಹಲವು ಶತಮಾನಗಳು ಸಂದ ಮೇಲೆ. ಅಕ್ಬರ್ ಬಾದಶಹನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬವನು 17ನೆಯ ಶತಮಾನದ ಆರಂಭದಲ್ಲಿ ಅಲ್ಲಿ ತಂಬಾಕನ್ನು ಕಂಡು ಬೆರಗಾಗಿ, ರತ್ನ ಕೆತ್ತಿದ ಕೊಳವೆಯೊಡನೆ ಅದನ್ನು ತನ್ನ ಒಡೆಯನಿಗೆ ಕಾಣಿಕೆಯಾಗಿ ಒಯ್ದುದನ್ನು ಬರೆದಿಟ್ಟಿದ್ದಾನೆ. ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿಗೆ ಸಮೀಪದ ನಗರದಿಂದಲೇ ಈ ಹೊಗೆ ಮೊಗಲರ ಆಸ್ಥಾನಕ್ಕೆ ಪಯಣಿಸಿತೆಂಬುದು ಇತಿಹಾಸದ ವಿಚಿತ್ರ. ಆದುದರಿಂದ ವಚನಗಳಲ್ಲಿ ತಂಬಾಕಿನ ನಿಷೇಧವನ್ನು ಹುಡುಕುವುದು ವ್ಯರ್ಥ. ಹುಡುಕಿ ತೋರಿಸುವ ಪ್ರವಚನಕಾರರೂ ಉಂಟು. ಅದು ಇಂದಿನವರ ಮಾತನ್ನು ಶರಣರ ಬಾಯಲ್ಲಿ ಇಡುವ ಕೆಲಸ. ವಚನಗಳಿಂದ ಪಡೆಯಬೇಕಾದುದು ಬೇರೆಯೇ ಇದೆ: ವ್ಯಸನಕ್ಕೆ ಸಿಲುಕಿದ ಬಡವನ ಮುಂದೆ ಹೇಗೆ ನಿಲ್ಲಬೇಕು ಎಂಬ ಅರಿವು.

ಆ ಅರಿವನ್ನು ಆಚರಣೆಗೆ ತಂದವರು ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಹೆಗಲಿಗೇರಿಸಿದ ಜೋಳಿಗೆ ‘ಮಹಾಂತ ಜೋಳಿಗೆ’ ಎಂದೇ ನಾಡಿನಲ್ಲಿ ಹೆಸರಾಯಿತು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಆ ಕಾಯಕವನ್ನು ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಜೋಳಿಗೆಯೇನೋ ಜಂಗಮರಿಗೆ ಹೊಸದಲ್ಲ. ಆದರೆ ಈ ಜೋಳಿಗೆ ಜೋಳವನ್ನಾಗಲಿ ಹಣವನ್ನಾಗಲಿ ಬೇಡಲಿಲ್ಲ. ಮನೆಯವರ ದುಶ್ಚಟವನ್ನು ಬೇಡಿತು. ಬೀಡಿಯ ಕಟ್ಟು, ಗುಟ್ಕಾ ಚೀಟಿ, ಸಾರಾಯಿ ಬಾಟಲಿ ಅದರೊಳಗೆ ಬಿದ್ದವು.

ಈ ಕ್ರಮದಲ್ಲಿರುವ ಸೂಕ್ಷ್ಮವನ್ನು ಸದ್ಭಕ್ತರು ಗಮನಿಸಬೇಕು. ಕೂಲಿಕಾರನೊಬ್ಬ ಜೀವಮಾನವೆಲ್ಲ ಬೇಡುವವನ ಸ್ಥಾನದಲ್ಲಿಯೇ ನಿಂತಿರುತ್ತಾನೆ. ಸಾಹುಕಾರನ ಮುಂದೆ, ಕಚೇರಿಯ ಮುಂದೆ, ದವಾಖಾನೆಯ ಸಾಲಿನಲ್ಲಿ ಅವನು ಕೈಚಾಚಿದವನು. ಅಂಥವನ ಹೊಸ್ತಿಲಿಗೆ ಪೀಠಾಧಿಪತಿಗಳೇ ಬಂದು ಸೆರಗೊಡ್ಡಿದಾಗ ಅವನು ಕೊಡುವವನಾಗುತ್ತಾನೆ. ಬಿಡು ಎಂದು ಆಜ್ಞಾಪಿಸುವುದಕ್ಕೂ ಕೊಡು ಎಂದು ಬೇಡುವುದಕ್ಕೂ ಇರುವ ಅಂತರ ಇದು. ಬಡವನ ಒಡಲನ್ನೇ ಗುಡಿಯೆಂದು ಬಗೆದವರು ಬಸವಣ್ಣನವರು. ಆ ಗುಡಿಯನ್ನು ಹೊಗೆಯಿಂದ ಕೆಡಿಸಬೇಡವೆಂದು ಹೇಳುವವನು ಮೊದಲು ಅದು ಗುಡಿಯೆಂದು ತಾನು ನಂಬಿರಬೇಕಲ್ಲವೇ? ಸಾಮಾನ್ಯವಾದ ದುಶ್ಚಟ ನಿವಾರಣೆಯ ಉಪದೇಶದಲ್ಲಿ ಈ ನಂಬಿಕೆ ಕಾಣುವುದಿಲ್ಲ. ಅಲ್ಲಿ ಕೇಳಿಬರುವುದು, ಇರುವ ನಾಲ್ಕು ಕಾಸನ್ನೂ ಹೊಗೆಗೆ ಹಾಕುವ ಮೂರ್ಖರೆಂಬ ತಾತ್ಸಾರ.

ಮೂರ್ಖತನದಿಂದ ಯಾರೂ ತಂಬಾಕು ತಿಕ್ಕುವುದಿಲ್ಲ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ದಣಿವನ್ನು ಮರೆಸುತ್ತದೆ, ಎಚ್ಚರವಾಗಿರಿಸುತ್ತದೆ. ಮಧ್ಯಾಹ್ನದ ಬುತ್ತಿ ಸಾಲದವನಿಗೆ, ಕಲ್ಲುಗಣಿಯಲ್ಲಿ ದುಡಿಯುವವನಿಗೆ, ರಾತ್ರಿಯೆಲ್ಲ ಲಾರಿ ನಡೆಸುವವನಿಗೆ ಅದು ಅಗ್ಗದ ಆಹಾರ, ಅಗ್ಗದ ಔಷಧ. ಬೀಡಿ ಸೇದುವ ಹೊತ್ತು ಮಾತ್ರ ಮೇಸ್ತ್ರಿ ಬಿಡುವು ಕೊಡುತ್ತಾನಾದರೆ ಬೀಡಿ ಸೇದದವನಿಗೆ ಬಿಡುವೇ ಇಲ್ಲ. ದೇಶದ ಸಮೀಕ್ಷೆಗಳೆಲ್ಲವೂ ಹೇಳುವುದು ಒಂದೇ: ಓದು ಕಡಿಮೆಯಾದಂತೆ, ಬಡತನ ಹೆಚ್ಚಿದಂತೆ ತಂಬಾಕಿನ ಬಳಕೆ ಏರುತ್ತದೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಿಲ್ಲೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2009-10ರಲ್ಲಿ ಇದು ಶೇ. 28.2 ಇದ್ದಿತು. ಸೇದುವವರು ಶೇ. 8.8, ಎಲೆ ಅಡಿಕೆಯೊಡನೆ ಅಗಿಯುವವರು, ದವಡೆಯಲ್ಲಿರಿಸಿಕೊಳ್ಳುವವರು ಶೇ. 16.3. ಧೂಮಪಾನದ ವಿರುದ್ಧವೇ ಮಾತನಾಡುವ ಉಪದೇಶ ಈ ಎರಡನೆಯವರನ್ನು ತಲುಪುವುದೇ ಇಲ್ಲ. ಅವರಲ್ಲಿ ತಾಯಂದಿರು, ಅಜ್ಜಿಯಂದಿರು ಬಹಳ. ಕಡ್ಡಿಪುಡಿಯನ್ನು ಅವರು ಚಟವೆಂದೇ ಎಣಿಸುವುದಿಲ್ಲ, ಹಲ್ಲುನೋವಿನ ಮದ್ದೆನ್ನುತ್ತಾರೆ.

ದಿನಕ್ಕೆ ಇಪ್ಪತ್ತು ರೂಪಾಯಿ ಇದಕ್ಕೆ ಹೋದರೆ ವರ್ಷಕ್ಕೆ 7,300 ರೂಪಾಯಿ. ಮಗುವಿನ ಹಾಲು, ತತ್ತಿ, ಪುಸ್ತಕ ಆ ಲೆಕ್ಕದಲ್ಲಿವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿಸಲು ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಅದನ್ನು ಆಸೆಯ ಖಂಡನೆಯೆಂದಷ್ಟೇ ವ್ಯಾಖ್ಯಾನಿಸುವುದು ರೂಢಿ. ಆ ಮನೆಯಲ್ಲಿ ಗಂಡನ ಗಳಿಕೆಯನ್ನು ಪ್ರಶ್ನಿಸುವ ಅಧಿಕಾರ ಹೆಂಡತಿಗಿತ್ತೆಂಬುದೂ ಅಷ್ಟೇ ಮುಖ್ಯ. ಗಂಡನ ಜೇಬಿನ ಗುಟ್ಕಾ ಚೀಟಿಯ ಲೆಕ್ಕ ಕೇಳುವ ಅಧಿಕಾರ ಇಂದು ಎಷ್ಟು ಮನೆಗಳಲ್ಲಿ ಲಕ್ಕಮ್ಮನಿಗಿದೆ?

ಸರ್ಕಾರ ಕೈಕಟ್ಟಿ ಕುಳಿತಿಲ್ಲ. 2003ರ ಕೇಂದ್ರ ಕಾಯಿದೆ ಶಾಲೆಯಿಂದ 100 ಗಜದೊಳಗೆ ಮಾರಾಟವನ್ನು ತಡೆಯಿತು. ಓದು ಬಾರದವರಿಗೂ ತಿಳಿಯಲೆಂದು 2009ರಿಂದ ಪೊಟ್ಟಣದ ಮೇಲೆ ಚಿತ್ರದ ಎಚ್ಚರಿಕೆ ಬಂದಿತು. ಬಡವರ ಮಟ್ಟಿಗೆ ಇದು ಇದ್ದುದರಲ್ಲಿ ಒಳ್ಳೆಯ ಹೆಜ್ಜೆ. ಆದರೆ ಬೀಡಿ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಳ್ಳುವವನು ಪೊಟ್ಟಣವನ್ನೇ ನೋಡುವುದಿಲ್ಲ. 2013ರಲ್ಲಿ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲೆಯನ್ನು ಒಂದು ಚೀಟಿಯಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಕಟ್ಟಿ ಒಟ್ಟಿಗೆ ಮಾರತೊಡಗಿದರು. ಬೆರೆಸುವ ಕೆಲಸ ಕೊಳ್ಳುವವನ ಅಂಗೈಗೆ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಸಿಗರೇಟು ಮೊದಲಾದುವಕ್ಕೆ ಶೇ. 40ರ ತೆರಿಗೆ ಗೊತ್ತುಪಡಿಸುವಾಗ ಬೀಡಿಯ ತೆರಿಗೆಯನ್ನು ಮಾತ್ರ ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಕಾರ್ಮಿಕರ ಹಿತಕ್ಕೆಂದು ಇದನ್ನು ಸಮರ್ಥಿಸುವವರಿದ್ದಾರೆ. ಬೀಡಿಯ ಹೊಗೆ ಸಿಗರೇಟಿನ ಹೊಗೆಗಿಂತ ಸೌಮ್ಯವಾದುದಲ್ಲ. ಬಡವನ ಕ್ಯಾನ್ಸರನ್ನು ಅಗ್ಗ ಮಾಡುವುದು ಎಂಥ ಹಿತ?

ಇನ್ನು ಮಠಗಳ ಕಡೆಗೆ ಬರಬೇಕು. ಜಾತ್ರೆಯ ವೇದಿಕೆಯ ಮೇಲೆ ನೂರಾರು ಜನರಿಂದ ಒಮ್ಮೆಲೇ ಪ್ರತಿಜ್ಞೆ ಮಾಡಿಸಿ, ಛಾಯಾಚಿತ್ರ ತೆಗೆಸಿ, ಪತ್ರಿಕೆಗೆ ಕಳಿಸುವಲ್ಲಿಗೆ ವ್ಯಸನಮುಕ್ತಿ ಕಾರ್ಯಕ್ರಮ ಮುಗಿಯುವುದೇ ಹೆಚ್ಚು. ತಂಬಾಕು ಬಿಟ್ಟವನಿಗೆ ಕಷ್ಟ ಆರಂಭವಾಗುವುದು ವೇದಿಕೆಯಿಂದ ಇಳಿದ ಮೇಲೆ. ಮೊದಲ ಮೂರು ದಿನ ಸಿಡುಕು, ತಲೆನೋವು, ನಿದ್ರೆಗೇಡು ತೀವ್ರವಾಗಿರುತ್ತವೆ; ಅವು ಇಳಿಯಲು ಎರಡರಿಂದ ನಾಲ್ಕು ವಾರ ಬೇಕು. ಬಹುಮಂದಿ ಒಂದೆರಡು ಬಾರಿ ಸೋತ ಮೇಲೆಯೇ ಗೆಲ್ಲುತ್ತಾರೆ. ಪ್ರತಿಜ್ಞೆ ಮುರಿಯಿತೆಂದು ನಾಚಿ ಮಠದ ಕಡೆಗೆ ಮುಖ ಹಾಕದವನನ್ನು ಹುಡುಕಿಕೊಂಡು ಹೋಗುವವರು ಯಾರು? ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದುಡ್ಡಿಲ್ಲದೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯಲ್ಲಿ ಪಾಲ್ಗೊಂಡಿದೆ. ಈ ಸಂಖ್ಯೆಯನ್ನು ದಾಸೋಹದ ಮನೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸುವುದಕ್ಕೆ ಎಷ್ಟು ಖರ್ಚು? ನಾಲ್ಕನೆಯ ದಿನ, ಹತ್ತನೆಯ ದಿನ ಪ್ರತಿಜ್ಞೆ ಮಾಡಿದವರ ಮನೆಗೆ ಹೋಗಿಬರಲು ಅದೇ ಓಣಿಯ ಇಬ್ಬರು ತರುಣರನ್ನು ನೇಮಿಸುವುದು ಕಲ್ಯಾಣಮಂಟಪ ಕಟ್ಟುವುದಕ್ಕಿಂತ ಕಷ್ಟವಾದುದಲ್ಲ.

ಮತ್ತೊಂದು ವರ್ಗವನ್ನು ಮರೆಯಲಾಗದು. ದಕ್ಷಿಣ ಕನ್ನಡದಲ್ಲಿ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು, ನಿಪ್ಪಾಣಿಯ ತಂಬಾಕಿನ ದೂಳಿನಲ್ಲಿ ದುಡಿದ ಹೆಂಗಸರು ಸೇದದೆಯೇ ಅದರ ವಿಷವನ್ನು ಉಂಡವರು. ಅವರ ಕ್ಷೇಮಕ್ಕೆಂದು 1976ರ ಕಾನೂನಿನಿಂದ ನಡೆದುಬಂದಿದ್ದ ಬೀಡಿಯ ಮೇಲಿನ ಕರ 2017ರಲ್ಲಿ ಜಿ.ಎಸ್.ಟಿ. ಬಂದಾಗ ನಿಂತುಹೋಯಿತು. ಬೀಡಿಯನ್ನು ಬಯ್ಯುವ ಭರದಲ್ಲಿ ಬೀಡಿ ಕಟ್ಟುವ ಕೈಯನ್ನೂ ಬಯ್ಯುವುದು ಶರಣಮಾರ್ಗವಲ್ಲ. ಹೆಂಡ ಮಾರುತ್ತಿದ್ದ ಮಾರಯ್ಯನವರನ್ನು ಶರಣರು ಹೊರಗಿಡಲಿಲ್ಲ. ‘ಧರ್ಮೇಶ್ವರಲಿಂಗ’ ಅಂಕಿತದಲ್ಲಿ ಉಳಿದಿರುವ ಅವರ ಕೆಲವೇ ವಚನಗಳಲ್ಲಿ ಹೆಂಡದಂಗಡಿಯ ಮಾತುಗಳೇ ಅನುಭಾವದ ಮಾತುಗಳಾಗಿವೆ. ಬೇರೆ ಕಾಯಕ ದೊರಕಿಸದೆ ಈ ತಾಯಂದಿರಿಗೆ ಬೀಡಿ ಕಟ್ಟಬೇಡವೆನ್ನುವುದು ಹೊಟ್ಟೆ ತುಂಬಿದವರ ಮಾತು. ಹೊಲಿಗೆ ತರಬೇತಿ, ರೊಟ್ಟಿ ಕೇಂದ್ರ, ಸ್ವಸಹಾಯ ಗುಂಪಿನ ಸಾಲ, ಇವುಗಳಿಗೆ ಮಠದ ವಿದ್ಯಾಸಂಸ್ಥೆಗಳು ಜಾಗವನ್ನಾದರೂ ಕೊಡಬಹುದು.

ಆರಂಭ ಮನೆಯೊಳಗಿನಿಂದಲೇ ಆಗಬೇಕು. ಜಾತ್ರೆಗೆ ಮುನ್ನ ಅಂಗಡಿಯ ಜಾಗಗಳ ಹರಾಜು ನಡೆಯುತ್ತದೆ. ತೇರಿನ ಬೀದಿಯಲ್ಲಿ ಹೆಚ್ಚು ಹಣ ಕೂಗುವವರಲ್ಲಿ ಪಾನ್ ಅಂಗಡಿಯವರೂ ಇರುತ್ತಾರೆ. ಈ ಸಲದ ಹರಾಜಿನ ಕರಾರಿನಲ್ಲಿ ಬೀಡಿ, ಸಿಗರೇಟು, ತಂಬಾಕಿನ ಚೀಟಿ ಮಾರಕೂಡದೆಂಬ ಒಂದು ಸಾಲನ್ನು ಆಡಳಿತ ಮಂಡಳಿ ಸೇರಿಸಲಿ. ಅದರಿಂದ ಕಡಿಮೆಯಾಗುವ ಹಣವನ್ನು ಭರಿಸಲು ತಂಬಾಕಿನ ವ್ಯಾಪಾರದಿಂದ ಸಿರಿವಂತರಾದ ಭಕ್ತರ ಬಾಗಿಲಿಗೂ ಜೋಳಿಗೆ ಒಮ್ಮೆ ಹೋಗಿಬರಲಿ.